ಎತ್ತಿದ ಕೈ

ಬಂಡೆಗೆ ಮದ್ದಿಟ್ಟು ಸಿಡಿಸುವುದರಲ್ಲಿ ನನ್ನ ಹೆಂಡತಿಯ ಅಪ್ಪ ಎತ್ತಿದ ಕೈ. ಬರೀ ಮಾತಿಗೆ ಹೇಳುತ್ತಿಲ್ಲ. ಬತ್ತಿಗೆ ಬೆಂಕಿ ಕೊಡುವ ಮುಂಚೆ ಮಾವ ನಿಜವಾಗಿಯೂ ಕೈ ಎತ್ತುತ್ತಿದ್ದರು. ಮರೆಯಲ್ಲಿ ನಿಂತ ನಾವು ಹತ್ತು ಜನವೂ ಕೈ ಎತ್ತಿದರೆ ಎಲ್ಲರೂ ಕ್ಷೇಮ ಎಂದರ್ಥ. ಯಾಕೆ, ಏನು ಎಂದು ಕೇಳುವಂತಿರಲಿಲ್ಲ. ಮೂವತ್ತು ವರ್ಷದಲ್ಲಿ ಆ ಗಣಿಯಲ್ಲಿ ಒಬ್ಬರ ಬೆರಳೂ ಹೋಗಲಿಲ್ಲ. ಹೋಗಿದ್ದು ಮಾವನ ಕಿವಿ ಮಾತ್ರ. ಅದನ್ನವರು ಮುಚ್ಚಿಟ್ಟಿದ್ದರು. ಅತ್ತೆ ಎಷ್ಟು ಬೈದರೂ ನಗುನಗುತ್ತಾ ತಲೆಯಾಡಿಸುತ್ತಿದ್ದರು. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕೆಂದು ಪಕ್ಕದ ಮನೆಯವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು! ನನಗೆ ಮಾತ್ರ ಗುಟ್ಟು ಗೊತ್ತಾಗಿತ್ತು. ಗೊತ್ತಿಲ್ಲದವನ ಹಾಗೆ ಇದ್ದೆ.

ಗುಡ್ಡ ಕರಗಿ, ಸುತ್ತಲಿನ ಬಾವಿಗಳು ಬತ್ತಿ, ಕೊನೆಗೆ ಗಣಿ ಮುಚ್ಚುವುದೆಂದಾಯಿತು. ಗುಂಡಿ ತುಂಬಿ ಗಿಡ ಬೆಳೆಸುವುದು, ಸೋಲಾರ್ ಕೂರಿಸುವುದು ಕಲಿಸಿ ಅದರಲ್ಲೇ ಕೆಲಸ ಕೊಡುತ್ತೇವೆಂದು ಸಭೆ ಕರೆದರು. ತರಬೇತಿ ಬೇಡ ಎನ್ನುವವರು ಕೈ ಎತ್ತಿ ಎಂದು ಸಭೆ ನಡೆಸಲು ಬಂದಿದ್ದ ಅಧಿಕಾರಿ ಮೇಡಂ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಸಾಲಿನಲ್ಲಿದ್ದ ಮಾವ ನಗುತ್ತಾ ಕೈ ಎತ್ತಿದರು. ಹಿಂದೆಯೇ ಹತ್ತು ಕೈ ಎದ್ದವು. ಒಂಬತ್ತು ಅಭ್ಯಾಸದವು. ಹತ್ತನೆಯದು ನನ್ನದು. ಇಳಿಸಿ ಮಾವ ಎಂದು ಕೂಗಿದ್ದರೆ ನಾಲ್ಕು ಜನರೆದುರು ಅವರ ಕಿವುಡು ಬಯಲಾಗುತ್ತಿತ್ತು, ನಿಜ. ಆದರೆ ಹನ್ನೊಂದು ಮನೆಯ ಅನ್ನದ ಮಾತದು. ನನ್ನ ನಾಲಿಗೆಗೇನು ಲಕ್ವ ಹೊಡೆದಿತ್ತೋ!

ಮರುದಿನ ಪಟ್ಟಿ ಅಂಟಿಸಿದರು. ನಮ್ಮಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಮಾವ ಎರಡು ಸಲ ಓದಿ, ಸಭೆಯಲ್ಲಿ ಏನು ಕೇಳಿದ್ದರೆಂದು ಪಕ್ಕದವರಿಂದ ಚೀಟಿಯಲ್ಲಿ ಬರೆಸಿಕೊಂಡು, ನೇರ ಕಚೇರಿಗೆ ನಡೆದರು. ನಾನೂ ಹಿಂದೆ ಹೋದೆ.

"ನಂಗೆ ಕಿವಿ ಕೇಳ್ಸಲ್ಲಮ್ಮ. ಕೇಳ್ಸುತ್ತೆ ಅಂತ ಎಲ್ರಿಗೂ ಸುಳ್ಳು ಹೇಳ್ಕೊಂಡು ಬಂದೆ. ನನ್ನ ಕೈ ನೋಡಿ ಹುಡುಗ್ರು ಎತ್ತಿದ್ರು. ನನ್ನ ಬಿಡಿ, ಅವ್ರನ್ನ ಸೇರಿಸ್ಕೊಳ್ಳಿ."

ಕ್ಯೂನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ಮೇಡಂ ಹತ್ತು ಹೆಸರು ಪಟ್ಟಿಗೆ ಬರೆದುಕೊಂಡರು. ಮಾವನದನ್ನು ಬರೆಯಲಿಲ್ಲ, ಯಂತ್ರದ ಪಕ್ಕ ನಿಲ್ಲಲು ಕಿವಿ ಬೇಕಂತೆ. ಆಮೇಲೆ ನನ್ನ ಕಡೆ ತಿರುಗಿದರು.

"ಅವ್ರಿಗೆ ಕೇಳ್ಸಲಿಲ್ಲ, ಸರಿ. ನಿಮಗೆ?"

ನಾನು ಮಾವನನ್ನು ಬಾಗಿಲ ಕಡೆ ನಡೆಸಿದೆ.

ಹೊರಗೆ ಬಂದ ಮೇಲೆ, ಆಯಮ್ಮ ನಿಮಗೇನಂದರು ಎಂದು ಮಾವ ಕೇಳಿದರು. ಏನೂ ಇಲ್ಲ ಎಂದು ಅವರ ಕಿವಿಯಲ್ಲಿ ಕೂಗಿದೆ.

"ನಂದೇ ತಪ್ಪು ಅಳಿಯಂದ್ರೇ. ನಿಮಗೊಬ್ಬರಿಗಾದ್ರೂ ಮೊದ್ಲೇ ಹೇಳ್ಬೇಕಿತ್ತು. ನೀವಾದ್ರೆ ನನ್ನ ಕೈ ಹಿಡಿದು ಇಳಿಸ್ತಿದ್ರಿ."

ಹೌದೆಂದು ತಲೆಯಾಡಿಸಿದೆ.