ಪೀರಪ್ಪ ತುಂಬಿಸಿದ ತೊಟ್ಟಿ

ಕಮಲಾಪುರದ ಬ್ಯಾಪ್ಟಿಸ್ಟ್ ಪ್ರಾರ್ಥನಾ ಮಂದಿರದಲ್ಲಿ, ಬೋಧಕರು ನಿಲ್ಲುವ ಹಲಗೆಗಳ ಕೆಳಗೆ ಒಂದು ನೀರಿನ ತೊಟ್ಟಿ ಇದೆ. ಹೊಸಬರಿಗೆ ಅದು ಕಾಣುವುದಿಲ್ಲ. ಹಲಗೆ ಸರಿಸಿದರೆ ಶಹಾಬಾದ ಕಲ್ಲಿನ ಮೆಟ್ಟಿಲುಗಳು ಕೆಳಗಿಳಿಯುತ್ತವೆ. ಅದನ್ನು ಕಟ್ಟಿದವನು ಗೌಂಡಿ ಪೀರಪ್ಪ.

ಈ ಸಭೆಯಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ತಿಳಿದ ಮೇಲೆ, ತಾನಾಗಿ ನಂಬಿದವರು ನೀರಿಗಿಳಿದು ಪೂರ್ತಿ ಮುಳುಗಿ ಏಳಬೇಕು. ಮೊದಲೆಲ್ಲ ಹಳ್ಳದಲ್ಲಿ ನಡೆಯುತ್ತಿತ್ತು. ಹಳ್ಳ ಬತ್ತತೊಡಗಿದಾಗ ಹಿರಿಯರು ಆಗಿನ್ನೂ ಹುಡುಗನಂತಿದ್ದ ಪೀರಪ್ಪನಿಗೆ ತೊಟ್ಟಿ ಕಟ್ಟಲು ಹೇಳಿದರು. ಅವನು ತನ್ನ ಎದೆಮಟ್ಟಕ್ಕೆ ನೀರು ಬರುವಂತೆ ಆಳ ಇಟ್ಟ. ಅದರಲ್ಲಿ ಮೊದಲು ಇಳಿದವಳು ಅಂಬಮ್ಮ, ಊರಿನಲ್ಲೇ ಗಿಡ್ಡ ಹೆಂಗಸು. ಬೋಧಕರು ಮುಳುಗಿಸುವ ಮೊದಲೇ ನೀರು ಅವಳ ಮೂಗಿಗೆ ಬಂತು.

"ಏ ಪೀರಪ್ಪ, ನನಗ ದೀಕ್ಷಾ ಕೊಡಾಕ ಕಟ್ಟೀಯೋ, ಕೊಲ್ಲಾಕ ಕಟ್ಟೀಯೋ?" ಎಂದು ಕೆಮ್ಮುತ್ತಲೇ ಮೇಲೆ ಬಂದಳು.

ಸಭೆ ನಕ್ಕಿತು. ಮರುವಾರ ಪೀರಪ್ಪ ಗಿಡ್ಡವರು ನಿಲ್ಲಲೆಂದು ಕೆಳಗೆ ಇನ್ನೊಂದು ಮೆಟ್ಟಿಲು ಕಟ್ಟಿದ. ಅದಕ್ಕೆ ಅಂಬಮ್ಮನ ಮೆಟ್ಟಿಲು ಎಂದೇ ಹೆಸರಾಯಿತು.

ಅಂದಿನಿಂದ ತೊಟ್ಟಿಯ ಕೆಲಸವೆಲ್ಲ ಅವನದೇ. ಇಳಿಯುವವರಿಗೆ ಒಂದು ಪ್ರಶ್ನೆ ಕೇಳುವುದು ಹಳ್ಳದ ಕಾಲದಿಂದಲೂ ಆ ಸಭೆಯ ರೂಢಿ, ತೊಟ್ಟಿ ಬಂದ ಮೇಲೆ ಅದು ನೀರು ತುಂಬಿಸುವವನ ಪಾಲಿಗೆ ಬಂತು. ಮೊದಲ ಮೆಟ್ಟಿಲಿಗೆ ಕಾಲಿಡುವ ಮುನ್ನ ಅವನು ಎಲ್ಲರಿಗೂ ಕೇಳುವಂತೆ, "ಯಾರು ಕಳಿಸ್ಯಾರ ನಿನಗ?" ಎನ್ನುತ್ತಿದ್ದ. "ಯಾರೂ ಕಳಿಸಿಲ್ಲ, ನಾನಾ ಬಂದೀನಿ" ಎಂದು ಅವರು ಹೇಳಿದರೆ ಮಾತ್ರ ದಾರಿ ಬಿಡುತ್ತಿದ್ದ.

ಅವನ ಹೆಂಡತಿ ತುಳಜಾಬಾಯಿ ಆ ನೀರಿಗೆ ಇಳಿಯಲೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ಪ್ರತಿ ಭಾನುವಾರ ಅವನ ಪಕ್ಕದಲ್ಲಿ ಕೂತಳು, ಹಾಡಿದಳು, ಕಸ ಗುಡಿಸಿದಳು. ಕರ್ತನ ಭೋಜನದ ರೊಟ್ಟಿಯ ತಟ್ಟೆ ಬಂದಾಗ ಮಾತ್ರ, ದೀಕ್ಷೆ ಆಗದವರು ಮುಟ್ಟಬಾರದೆಂದು, ತಾನು ತೆಗೆದುಕೊಳ್ಳದೆ ಅವನ ಕೈಗೆ ದಾಟಿಸುತ್ತಿದ್ದಳು. "ನನಗ ಅನಿಸಿದ ದಿನ ಇಳೀತೀನ್ರಿ" ಎಂದಿದ್ದಳು. ಅವನು ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಹಾಗೆಯೇ ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಆಮೇಲೆ ಆ ಬೆಂಚಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಅವನೂ ಜಾಗ ಬದಲಿಸಲಿಲ್ಲ.

ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಕೆಲವರು ನಂದೂರಿನ ಬೇಳೆ ಮಿಲ್ಲುಗಳಿಗೆ ಹೋಗಿ ಅಲ್ಲೇ ನಿಂತರು. ಕೆಲವರಿಗೆ ಕಲಬುರಗಿಯ ದೊಡ್ಡ ಪ್ರಾರ್ಥನಾ ಹಾಲ್‌ಗಳ ಡ್ರಮ್ಮು, ಮೈಕು ಹಿಡಿಸಿದವು. ಕೆಲವರು ಬುದ್ಧ ವಿಹಾರದ ಕಡೆ ನಡೆದರು. ದೀಕ್ಷೆಯಾದರೆ ಮಕ್ಕಳ ಜಾತಿ ಸರ್ಟಿಫಿಕೇಟಿಗೆ ತೊಂದರೆ ಎಂದು ಹೆದರಿದವರು ಹಬ್ಬಕ್ಕಷ್ಟೇ ಬಂದು, ಹಿಂದೆ ನಿಂತು ಹೋಗುತ್ತಿದ್ದರು. ಪೀರಪ್ಪ ಯಾರ ಮೇಲೂ ಸಿಟ್ಟಾಗಲಿಲ್ಲ. ತಿಂಗಳಿಗೊಮ್ಮೆ ತೊಟ್ಟಿ ತುಂಬಿಸುವುದನ್ನೂ ಬಿಡಲಿಲ್ಲ. ಒಣಗಿದರೆ ಸಿಮೆಂಟು ಬಿರಿಯುತ್ತದೆ. ಎರಡು ದಿನ ನೀರು ನಿಲ್ಲಿಸಿ, ಬಿರಡೆ ತೆಗೆದು ಹಿತ್ತಲ ಬಾಳೆಗಿಡಗಳಿಗೆ ಬಿಡುತ್ತಿದ್ದ.

"ಪೀರಪ್ಪ ಭಾಯಿ, ನಿಮ್ಮ ತೊಟ್ಟ್ಯಾಗ ಈಗ ಮಂದಿ ಇಳಿಯಂಗಿಲ್ಲ, ಬರೇ ಕಪ್ಪಿ ಇಳೀತಾವ," ಎಂದು ಪಕ್ಕದ ಮನೆಯ ಮಸ್ತಾನಬಿ ಗೋಡೆಯಾಚೆಯಿಂದ ಚೇಷ್ಟೆ ಮಾಡುತ್ತಿದ್ದಳು.

"ಕಪ್ಪೀನೂ ಯಾರೂ ಕಳಿಸಿಲ್ಲ ತಂಗಿ, ತಾನಾ ಬಂದದ," ಎನ್ನುತ್ತಿದ್ದ ಅವನು.

ಮಳೆಗಾಲದಲ್ಲಿ ಹಿರಿಯ ದೌಲಪ್ಪ ತೀರಿಕೊಂಡ. ಆಗ ಊರಿನಲ್ಲಿ ದೀಕ್ಷೆಯಾದವರು ಇಬ್ಬರೇ ಉಳಿದರು, ಪೀರಪ್ಪ ಮತ್ತು ಅಂಬಮ್ಮ. ಮೂವರಿಲ್ಲದಿದ್ದರೆ ಸಭೆ ಇಲ್ಲ ಎಂಬುದು ಹಿರಿಯರೇ ಮಾಡಿಟ್ಟ ನಿಯಮ. ತಿಂಗಳಿಗೊಮ್ಮೆ ಕಲಬುರಗಿಯಿಂದ ಬರುತ್ತಿದ್ದ ಪಾಸ್ಟರ್ ಆನಂದಕುಮಾರ ಬೆಂಚಿನ ಮೇಲೆ ಕೂತು ಅಂಬಮ್ಮನಿಗೂ ಕೇಳುವಂತೆ ವಿಷಯ ತೆಗೆದರು.

"ಪೀರಪ್ಪ ಕಾಕಾ, ಈಸ್ಟರ್ ತನಕ ನೋಡೋಣ. ಮೂರನೆಯವರು ಆಗಲಿಲ್ಲಂದ್ರ ಇದನ್ನ ನಮ್ಮ ಸಿಟಿ ಸಭಾಕ್ಕ ಕೂಡಸ್ತೀವಿ. ನೀವು ಅಲ್ಲಿಗೇ ಬರ್ರಿ. ಈ ಬಾಗಲಾ ಹಾಕಬೇಕಾಗ್ತದ."

ಅಂಬಮ್ಮನಿಗೆ ದುಃಖವಿದ್ದರೂ ಮೊಣಕಾಲಿನ ಚಿಂತೆ ಹೆಚ್ಚಿತ್ತು. "ಅಲ್ಲಿ ಕುರ್ಚಿ ಅದಾವಂತ, ಫ್ಯಾನ್ ಅದಾವಂತ. ಹೋಗೂಣ ಬಿಡೋ," ಎಂದಳು. ಪೀರಪ್ಪ ಅಂಬಮ್ಮನ ಪಕ್ಕ ಕೂತಿದ್ದ ಅವಳ ಮೊಮ್ಮಗಳು ಅಂಜನಾಳನ್ನು ನೋಡಿದ. ಅಜ್ಜಿಯ ಕೈ ಹಿಡಿದು ಕರೆತರುವುದಕ್ಕೆ ಬರುತ್ತಿದ್ದ, ಅವನನ್ನೂ ಅಜ್ಜನೆಂಬಂತೆ ಮುತ್ಯಾ ಎನ್ನುತ್ತಿದ್ದ ಹುಡುಗಿ ಅವಳು. ಉಳಿದ ದಿನ ಕಲಬುರಗಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ.

ಮರುದಿನ ಬೆಳಿಗ್ಗೆ ಅವನು ಬಸ್ ನಿಲ್ದಾಣಕ್ಕೇ ಹೋದ.

"ಅಂಜನಾ, ನೀನು ದೀಕ್ಷಾ ತಗೊಂಡ್ರ ನಾವು ಮೂವರು ಆಗ್ತೀವಿ ನೋಡವ್ವ."

"ನಾನು ಇಳದ್ರ ಏನಾಗ್ತದ ಮುತ್ಯಾ?"

"ಬಾಗಲಾ ತೆರದಿರ್ತದ."

ಬಸ್ಸು ಬಂತು, ಅವಳು ಹತ್ತಿದಳು. ಅದು ತಿರುವಿನಲ್ಲಿ ಮರೆಯಾದ ಮೇಲೆ ಅವನಿಗೆ ಹೊಳೆಯಿತು. ಹುಡುಗಿ ಕೇಳಿದ್ದು ತನಗೇನಾಗುತ್ತದೆ ಎಂದು. ತಾನು ಹೇಳಿದ್ದು ಬಾಗಿಲಿನ ಮಾತು. ಅವಳ ಪ್ರಶ್ನೆಗೆ ಮತ್ತೊಮ್ಮೆ ಸರಿಯಾಗಿ ಉತ್ತರ ಹೇಳಬೇಕೆನ್ನಿಸಿತು. ಆದರೆ ಆ ಸಂಜೆ ಅಂಜನಾ ತಾನೇ ಅವನ ಮನೆಗೆ ಬಂದು, "ಆಯ್ತು ಮುತ್ಯಾ, ಇಳೀತೀನಿ. ಸರ್ಟಿಫಿಕೇಟ್ ಅಂತ ಹೆದರೋ ಅಪ್ಪಗ ನಾನು ಹೇಳ್ತೀನಿ," ಎಂದಳು. ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಸ್ಟರ್‌ಗೆ ಮುಂಚೆ ಅವನು ತೊಟ್ಟಿಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದ. ಪಾಚಿ ಹಿಡಿದಿದ್ದ ಅಂಬಮ್ಮನ ಮೆಟ್ಟಿಲನ್ನು ಎರಡು ಸಲ ತಿಕ್ಕಿದ. ಮೋಟರಿನ ನೀರು ಸಾಲದೆಂದು ಮಸ್ತಾನಬಿಯ ಬೋರಿನಿಂದ ಪೈಪು ಎಳೆದ. ನೀರು ಏರುವುದನ್ನು ನೋಡುತ್ತ ಕೂತಾಗ ಅವನಿಗೆ ಬಹಳ ವರ್ಷದ ಮೇಲೆ ಹಾಡು ಬಂತು. ಜೊತೆಗೆ ಒಂದು ಯೋಚನೆಯೂ ಬಂತು. ಈ ಸಲ ಆ ಪ್ರಶ್ನೆ ಕೇಳದಿದ್ದರೆ ಏನಾದೀತು? ಅಂಬಮ್ಮನಿಗೆ ಕಿವಿ ಮಂದ. ಪಾಸ್ಟರು ಹೊಸಬರು.

ಭಾನುವಾರ ಅಂಜನಾ ಬಿಳಿ ಸೀರೆ ಉಟ್ಟು, ಬದಲಿಸುವ ಬಟ್ಟೆಯ ಚೀಲ ಹಿಡಿದು ಬಂದಳು. ಆನಂದಕುಮಾರ ಆಗಲೇ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಹುಡುಗಿ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಳು. ಪೀರಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಸರಿಯುವಾಗ ಅವನ ಕಣ್ಣಿಗೆ ತನ್ನ ಬೆಂಚು ಬಿತ್ತು. ಅಷ್ಟು ವರ್ಷ ರೊಟ್ಟಿ ಮುಟ್ಟದೆ ತಟ್ಟೆ ದಾಟಿಸಿದ ತುಳಜಾಬಾಯಿ ಕೂತಿದ್ದ ಜಾಗ. ಅವಳಿಗೆ ಒಂದು ಮಾತು ಹೇಳಿದ್ದರೆ ಅವಳೂ ಗಂಡನ ಮೇಲಿನ ಪ್ರೀತಿಗೆ ಇಳಿಯುತ್ತಿದ್ದಳೇನೋ.

"ನಿಲ್ಲವ್ವ," ಎಂದ ಪೀರಪ್ಪ. "ಯಾರು ಕಳಿಸ್ಯಾರ ನಿನಗ?"

ಅಂಜನಾ ಅವನ ಮುಖ ನೋಡಿದಳು. ಕಲಿತ ಉತ್ತರ ಅವಳಿಗೆ ಗೊತ್ತಿತ್ತು.

"ನೀವಾ ಅಲ್ಲೇನ್ರಿ ಮುತ್ಯಾ," ಎಂದಳು ಸಣ್ಣ ದನಿಯಲ್ಲಿ.

"ಕಾಕಾ, ಅದು ಹಳೇ ಪದ್ಧತಿ. ಬಿಡ್ರಿ, ಮುಂದ ನಡಸೋಣ," ಎಂದರು ಪಾಸ್ಟರು ನೀರಿನಿಂದಲೇ.

"ನನಗ ಬೇಜಾರಿಲ್ಲ ಮುತ್ಯಾ, ಇಳೀತೀನಿ. ನಿಮ್ಮ ಸಲುವಾಗಿ."

"ನನ್ನ ಸಲುವಾಗಿ ಇಳಿಯೋ ನೀರಲ್ಲವ್ವ ಇದು," ಎಂದ ಪೀರಪ್ಪ. "ಅವತ್ತು ಬಸ್ ಸ್ಟ್ಯಾಂಡಿನಾಗ ನಾ ನಿನಗ ಕೇಳಬಾರದಿತ್ತು. ಚಪ್ಪಲಿ ಹಾಕ್ಕೊ. ಪಾಸ್ಟ್ರ, ಮ್ಯಾಲ ಬರ್ರಿ, ಥಂಡಿ ಹತ್ತೀತು."

ಅಂಬಮ್ಮನಿಗೆ ಏನೂ ಕೇಳಿಸಿರಲಿಲ್ಲ. "ಯಾಕೋ, ನೀರು ಭಾಳ ಆಳ ಆಗ್ಯದೇನು?" ಎಂದು ಕೇಳಿದಳು.

"ಹೌದಮ್ಮ, ಆಳ ಆಗ್ಯದ," ಎಂದ ಅವನು.

ಎಲ್ಲರೂ ಹೋದ ಮೇಲೆ ಒಬ್ಬನೇ ಇಳಿದು ಬಿರಡೆ ತೆಗೆದ. ನೀರು ಹಿತ್ತಲ ಕಾಲುವೆಗೆ ಹರಿಯಿತು. ತಳದ ಕಲ್ಲು ಕಾಣುವವರೆಗೂ ಅಂಬಮ್ಮನ ಮೆಟ್ಟಿಲ ಮೇಲೆ ನಿಂತಿದ್ದ. ಹಲಗೆ ಮುಚ್ಚಿ, ಬೀಗ ಹಾಕಿ, ಕೀಲಿ ಪಾಸ್ಟರಿಗೆ ಕಳಿಸಿದ.

ಮುಂದಿನ ತಿಂಗಳು ಪೀರಪ್ಪ, ಅಂಬಮ್ಮ, ಅಂಜನಾ ಮೂವರೂ ಒಂದೇ ಬಸ್ಸು ಹತ್ತಿದರು. ತಾಜಸುಲ್ತಾನಪುರ ದಾಟುವಾಗ ಅಂಬಮ್ಮ ತೂಕಡಿಸುತ್ತಿದ್ದಳು. ಕಲಬುರಗಿಯ ಸಭೆಯಲ್ಲಿ ನಿಜಕ್ಕೂ ಕುರ್ಚಿಗಳಿದ್ದವು, ಫ್ಯಾನುಗಳಿದ್ದವು. ಹಾಡು ಪರದೆಯ ಮೇಲೆ ಬರುತ್ತಿತ್ತು. ಅಲ್ಲಿಯ ಕುರ್ಚಿಗಳೂ ಅರ್ಧ ಖಾಲಿ ಇದ್ದುದನ್ನು ಪೀರಪ್ಪ ಗಮನಿಸಿದ. ಅವನನ್ನು ಗುರುತಿಸುವವರು ಯಾರೂ ಇರಲಿಲ್ಲ. ಅಂಬಮ್ಮ ಫ್ಯಾನಿನ ಕೆಳಗೆ ಜಾಗ ಹುಡುಕಿಕೊಂಡು ಮುಂದೆ ಹೋದಳು. ಅಂಜನಾ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.

ರೊಟ್ಟಿಯ ತಟ್ಟೆ ಸಾಲಿನಲ್ಲಿ ಬಂತು. ಅಂಜನಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ರೊಟ್ಟಿಯನ್ನು ಮುಟ್ಟದೆ, ಅವನ ಕಡೆ ದಾಟಿಸಿದಳು.

ಪೀರಪ್ಪ ಒಂದು ತುಣುಕು ತೆಗೆದುಕೊಂಡ. ಅವನ ಆಚೆ ಯಾರೂ ಇರಲಿಲ್ಲ. ತಟ್ಟೆಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ.