ಬೇಲಿಯಾಚೆಯ ಸ್ತೋತ್ರ

ಅಪ್ಪ ಮೊದಲ ಸಲ ನನ್ನ ರಗ್ಬಿ ಲೀಗ್ ಆಟಕ್ಕೆ ಬಂದದ್ದು ನನ್ನನ್ನು ಮನೆಗೆ ಎಳೆದುಕೊಂಡು ಹೋಗಲಿಕ್ಕೆ. ಮೈಸೂರಿನ ಇಂಜಿನಿಯರ್, ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಆಫೀಸು. ಮಗಳು ಡಾಕ್ಟರಾಗದಿದ್ದರೂ ಸರಿ, ದಿನಾ ಡಾಕ್ಟರ ಹತ್ತಿರ ಓಡುವಂಥ ಕೆಲಸ ಹಿಡಿಯಬಾರದು ಅನ್ನುವುದು ಅವನ ವಾದ. ಬಂದವನು ಬೇಲಿ ಹಿಡಿದು ನಿಂತ. ಸ್ವಲ್ಪ ಹೊತ್ತಿಗೆಲ್ಲ, "ಏಯ್, ಆ ಎತ್ತರದ ಹುಡುಗಿಗೆ ಸುಸ್ತಾಗಿದೆ ಕಣೇ, ಅವಳ ಪಕ್ಕ ನುಗ್ಗು!" ಎಂದು ಕೂಗಿದ. ನುಗ್ಗಿದೆ. ದಾರಿ ಸಿಕ್ಕಿತು. ಆಮೇಲೆ ಅವನ ಬಾಯಿ ಮುಚ್ಚಲಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಚೆಂಡು ಹಿಡಿದು ಓಡಿ ಎದುರಿನವರ ಗೆರೆಯಾಚೆ ನೆಲಕ್ಕೊತ್ತಿದರೆ ಅಂಕ, ಎದುರಿನವರು ಕೆಡವುತ್ತಾರೆ. ಆರು ಸಲ ಕೆಡವಿದರೆ ಚೆಂಡು ಅವರದು. ಅದಕ್ಕೇ ಕೊನೆಯ ಸರದಿಯಲ್ಲಿ ಚೆಂಡನ್ನು ಖಾಲಿ ಜಾಗಕ್ಕೆ ಒದ್ದು ಅದರ ಹಿಂದೆ ಓಡುವುದು ನನ್ನ ಕೆಲಸ. ಆ ಖಾಲಿ ಜಾಗ ಹುಡುಕುವುದು ಮಾತ್ರ ಅಪ್ಪನ ಕೆಲಸವಾಗಿಬಿಟ್ಟಿತು.

"ಈ ಹುಡುಗಿಗೆ ಬೆನ್ನಲ್ಲೂ ಕಣ್ಣಿದೆ" ಎಂದು ಕೋಚ್ ಎಲ್ಲರೆದುರು ಹೊಗಳುತ್ತಿದ್ದಳು. ಆ ಬೆನ್ನಿನ ಕಣ್ಣು ಮಂಕಿ ಕ್ಯಾಪ್ ಹಾಕಿಕೊಂಡು ಬೇಲಿಯಾಚೆ ಕಡಲೆಬೀಜ ತಿನ್ನುತ್ತಿದೆ ಎಂದು ನಾನೇಕೆ ಹೇಳಲಿ? ಅದೇ ಕಣ್ಣಿನ ದೆಸೆಯಿಂದ ನನಗೆ ಒಂದು ವರ್ಷದ ಕಾಂಟ್ರಾಕ್ಟ್ ಸಿಕ್ಕಿತು. ಒಮ್ಮೆ ಕೋಚ್, "ನಿಮ್ಮಪ್ಪ ಏನು ಕೂಗುತ್ತಾರೆ?" ಎಂದು ಕೇಳಿದಳು. "ಸ್ತೋತ್ರ. ನಮ್ಮಲ್ಲಿ ಹಾಗೆ" ಅಂದೆ. ಅವಳು ಭಕ್ತಿಯಿಂದ ತಲೆ ಆಡಿಸಿದಳು.

ವರ್ಷ ಮುಗಿಯುತ್ತಾ ಬಂತು. ಮೆಲ್ಬರ್ನ್‌ನ ಆಟ ನೋಡಿ ನಿನ್ನನ್ನು ಉಳಿಸಿಕೊಳ್ಳುವ ವಿಷಯ ತೀರ್ಮಾನಿಸುತ್ತೇನೆ ಎಂದು ಕೋಚ್ ನೇರವಾಗಿ ಹೇಳಿದಳು. ಉಳಿಯದಿದ್ದರೆ ಅಪ್ಪನ ಆಫೀಸಿನಲ್ಲಿ ಒಂದು ಕುರ್ಚಿ ಕಾದಿತ್ತು. ಅಪ್ಪನೂ ಹೊರಟ, ಅಲ್ಲಿನ ಟ್ರುಗನಿನಾ ಬಡಾವಣೆಯ ಸ್ನೇಹಿತರ ಮನೆಯಲ್ಲಿ ಇಳಿದುಕೊಂಡ.

ಸಿಡ್ನಿಯಲ್ಲಿ ಫುಟ್ಬಾಲ್ ಅಂದರೆ ನಮ್ಮ ರಗ್ಬಿ, ಮೆಲ್ಬರ್ನ್‌ನವರಿಗೆ ಬೇರೆಯದೇ ಆಟ. ನಮ್ಮದನ್ನು ನೋಡಲು ಬಂದವರು ಆಟಗಾರ್ತಿಯರ ನೆಂಟರು ಮತ್ತು ಒಂದು ನಾಯಿ. ಸಿಡ್ನಿಯಲ್ಲಿ ಗದ್ದಲದ ನಡುವೆ ಬೇಲಿಯ ಹತ್ತಿರದವರಿಗೂ ಅದಕ್ಕೇ ಕಿವಿಗೊಟ್ಟ ನನಗೂ ಅಷ್ಟೇ ಕೇಳುತ್ತಿದ್ದ ಅಪ್ಪನ ದನಿ ಇಲ್ಲಿ ಊರಿಗೆಲ್ಲ ಕೇಳುವಂತಿತ್ತು.

"ಲೆಫ್ಟ್‌ಗೆ ಹೋಗೇ! ಲೆಫ್ಟ್‌ನಲ್ಲಿ ಗ್ಯಾಪ್ ಇದೆ, ಕಿಕ್ ಮಾಡು!"

ಒದ್ದೆ. ಎದುರು ತಂಡದಲ್ಲಿ ಎಲ್ಲರ ಹಿಂದೆ ಕಾವಲಿರುವ ಹುಡುಗಿ ಬಸ್ಸಿಗೆ ಕಾಯುವವಳ ಹಾಗೆ ಅಲ್ಲೇ ನಿಂತಿದ್ದಳು. ಮುಂದಿನ ಸಲವೂ ಅದೇ ಕತೆ. ಮತ್ತೊಮ್ಮೆ ಚೆಂಡು ಹಿಡಿದಾಗ, "ನಿಮ್ಮಪ್ಪನಿಗೆ ಥ್ಯಾಂಕ್ಸ್ ಹೇಳು" ಎಂದು ಕಣ್ಣು ಹೊಡೆದಳು.

ಬಿಡುವಿನಲ್ಲಿ ಬೇಲಿಯ ಹತ್ತಿರ ಓಡಿದೆ. "ಅಪ್ಪ, ನೀನು ಹೇಳೋದೆಲ್ಲ ಅವಳಿಗೆ ಅರ್ಥ ಆಗ್ತಿದೆ!"

"ಅಯ್ಯೋ, ಅವಳಿಗೆ ಕನ್ನಡ ಬರುತ್ತಾ?"

"ಅವಳಿಗೆ ಬರಲ್ಲ. ನಿನಗೂ ಬರಲ್ಲ. ಲೆಫ್ಟ್, ಗ್ಯಾಪ್, ಕಿಕ್ ಅಂದ್ರೆ ಯಾರಿಗೆ ಗೊತ್ತಾಗಲ್ಲ?"

ಅಪ್ಪನ ಮುಖ ಸಪ್ಪಗಾಯಿತು. ಅವನಿಗೆ ಹಾಗೆ ಅಂದು ನಾನೇನು ಸಾಧಿಸಿದೆ? ಇಷ್ಟು ದಿನ ನನಗೂ ಅದು ಅಪ್ಪಟ ಕನ್ನಡವಾಗಿಯೇ ಕೇಳಿಸುತ್ತಿತ್ತಲ್ಲ.

ಉಳಿದರ್ಧ ಅಪ್ಪ ತುಟಿ ಬಿಚ್ಚಲಿಲ್ಲ. ಗ್ರೌಂಡು ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಭಯವಾಯಿತು. ಎಲ್ಲಿ ಒದೆಯಬೇಕೆಂದು ತಿಳಿಯದೆ ಎರಡು ಸಲ ಚೆಂಡನ್ನು ಹೊರಗೇ ಕಳಿಸಿದೆ. ಕೋಚ್ ಕೈಕಟ್ಟಿ ನೋಡುತ್ತಿದ್ದಳು.

ಇನ್ನೇನು ಆಟ ಮುಗಿಯಬೇಕು, ಎರಡೂ ಕಡೆ ಸಮ ಅಂಕ, ನಮ್ಮ ಕೊನೆಯ ಸರದಿ. ಆಗ ಬೇಲಿಯಾಚೆಯಿಂದ ಗುಡುಗಿತು: "ರೈಟ್! ರೈಟ್‌ಗೆ ಕಿಕ್ ಮಾಡು!"

ಕಾವಲಿನ ಹುಡುಗಿ ಬಲಕ್ಕೆ ಓಡಿದಳು. ಅಭ್ಯಾಸಬಲದಿಂದ ನನ್ನ ಕಾಲೂ ಬಲಕ್ಕೆ ತಿರುಗಿತ್ತು. ಅಷ್ಟರಲ್ಲಿ ತಲೆಯೆತ್ತಿ ನೋಡಿದೆ. ಎಡಗಡೆ ಒಂದು ನರಪಿಳ್ಳೆಯೂ ಇಲ್ಲ. ಎಡಕ್ಕೆ ಒದ್ದು, ಉಸಿರು ಕಟ್ಟಿ ಓಡಿ, ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಅದರ ಮೇಲೇ ಬಿದ್ದುಕೊಂಡೆ.

ಆಟ ಮುಗಿದ ಮೇಲೆ ಕೋಚ್ ಪಕ್ಕಕ್ಕೆ ಕರೆದಳು. "ನಿಮ್ಮ ದೇವರಿಗೆ ಲೆಫ್ಟು ರೈಟು ಎರಡೂ ಬರುತ್ತೆ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು. ಕಾಂಟ್ರಾಕ್ಟ್ ನಿನಗೆ ಕೊಡಬೇಕೋ ನಿಮ್ಮಪ್ಪನಿಗೋ ಅನ್ನೋದೇ ನನ್ನ ತಲೆನೋವಾಗಿತ್ತು. ಇವತ್ತು ಗೊತ್ತಾಯ್ತು, ನಿನಗೇ." ಹೆಗಲು ತಟ್ಟಿ ಹೋದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಏರ್‌ಪೋರ್ಟಿಗೆ ಹೋಗುವಾಗ ಅಪ್ಪ ಕಿಟಕಿಯಾಚೆ ನೋಡುತ್ತಾ ಕೂತಿದ್ದ.

"ನಿಜ ಹೇಳು ಅಪ್ಪ, ಬೇಕಂತಲೇ ರೈಟ್ ಅಂದೆಯಾ? ಇಲ್ಲಾ ಎಡಗಡೆ ಖಾಲಿ ಇದ್ದದ್ದು ನಿನಗೇ ಕಾಣಲಿಲ್ವಾ?"

ಅವನು ಮಂಕಿ ಕ್ಯಾಪ್ ಕಿವಿಯವರೆಗೆ ಎಳೆದುಕೊಂಡ.

"ರೈಟ್ ಅಲ್ಲ ಪುಟ್ಟಿ, ಬಲಗಡೆ ಅನ್ನು. ಕನ್ನಡ ಬರಲ್ವಾ ನಿನಗೆ?"