ಹಿತ್ತಾಳೆಯ ಸ್ಕ್ರೂ

ವಾರಕ್ಕೆ ಎರಡಾದರೂ ಕೊಲೆ ಮಾಡುವ ಗೆಳತಿಯೊಬ್ಬಳು ನನಗಿದ್ದಳು. ಎಲ್ಲ ಕಾಗದದ ಮೇಲೆ ಅನ್ನಿ. ಎಂಬತ್ತರ ದಶಕದಲ್ಲಿ ಠಾಣೆ ಪಟ್ಟಣದ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಿಡಿಯೋ ಗೇಮ್ ಮಿಷನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಕರಾವಳಿಯವಳು, ಅಮ್ಮನ ಜೊತೆ ಡೊಂಬಿವಲಿಯಲ್ಲಿದ್ದೆ. ಅವಳು ವಿಜಾಪುರದವಳು, ಪಕ್ಕದ ಕಲ್ಯಾಣದಲ್ಲಿ ಅಣ್ಣನ ಜೊತೆಗಿದ್ದಳು. ಪ್ರತಿ ಮಿಷನ್ನಿನ ಆಟವನ್ನು ಕೊನೆಯ ಹಂತದವರೆಗೆ ಆಡಿ ನೋಡಿ ತಪಾಸಣೆಯ ಕಾರ್ಡಿಗೆ ಸಹಿ ಹಾಕುವುದು ಅವಳ ಕೆಲಸ. ಆ ಕಾರ್ಡನ್ನು ಪೆಟ್ಟಿಗೆಯೊಳಗೆ ಸಿಕ್ಕಿಸಿ, ಹಿಂದಿನ ಹಲಗೆಗೆ ಎಂಟು ಸ್ಕ್ರೂ ಬಿಗಿಯುವುದು ನನ್ನದು. ಆಡುವುದಕ್ಕೆ ಅವಳಿಗೆ ಸಂಬಳ, ಬಿಗಿಯುವುದಕ್ಕೆ ನನಗೆ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾದೀತು.

ಹಾಳಾದ ಕಾರ್ಡುಗಳ ಹಿಂಬದಿಯಲ್ಲಿ ಅವಳು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದಳು. ಕಥೆ ನಡೆಯುವುದೂ ಇಂಥದ್ದೇ ಕಾರ್ಖಾನೆಯಲ್ಲಿ. ಆಟದ ಕೊನೆಯ ಹಂತ ಗೆದ್ದವರು ಮರುದಿನ ಕಾಣೆಯಾಗುತ್ತಾರೆ. ಆಡಿ ನೋಡುವ ಹುಡುಗಿಯೇ ನಾಯಕಿ. ಸ್ಕ್ರೂ ಬಿಗಿಯುವ ಒಬ್ಬಳೂ ಇದ್ದಳು, ಮಹಾ ಸಿಡುಕಿ. ಊಟದ ಹೊತ್ತಿನಲ್ಲಿ ಗೆಳತಿ ನನಗೆ ದಿನಕ್ಕೊಂದು ಕಾರ್ಡು ಓದಿ ಹೇಳುತ್ತಿದ್ದಳು. ಅವಳ ರೊಟ್ಟಿ ನನಗೆ, ನನ್ನ ನೀರುದೋಸೆ ಅವಳಿಗೆ.

"ಕೊಲೆ ಮಾಡುದು ನಾನೇ ಅಲ್ವಾ ಮಾರಾಯ್ತಿ? ಈಗ್ಲೇ ಹೇಳು" ಎನ್ನುತ್ತಿದ್ದೆ.

"ತಡಿ ಸ್ವಲ್ಪ, ಎಷ್ಟ್ ಅವಸರ ನಿಂದು. ಕಡೀಕ ಗೊತ್ತಾಗ್ತದ."

ಈಗಲೂ ಊಟದ ಹೊತ್ತಾದರೆ ನನ್ನ ಕಿವಿ ಆ ದನಿಗೆ ಕಾಯುತ್ತದೆ.

ಅಷ್ಟರಲ್ಲಿ ಅಣ್ಣ ಅವಳಿಗೆ ಊರಲ್ಲಿ ಗಂಡು ಗೊತ್ತು ಮಾಡಿದ. ಅದರ ಬಗ್ಗೆ ಅವಳು ಮಾತೇ ಆಡುತ್ತಿರಲಿಲ್ಲ. ಒಂದು ಸಂಜೆ ಕೊನೆಯ ಅಧ್ಯಾಯದ ಕಾರ್ಡನ್ನು ನನ್ನ ಕೈಗಿಟ್ಟಳು.

"ಇದನ್ನ ನಾ ಓದಿ ಹೇಳಂಗಿಲ್ಲ, ನೀನ ಓದು. ಏನಂತಿ ನಾಳೆ ಹೇಳು. ನಾಡಿದ್ದ ನಮ್ಮಣ್ಣ ಊರಿಗೆ ಕರ್ಕೊಂಡ್ ಹೊಂಟಾನ."

ಹೊರಗೆ ಟೆಂಪೋ ಕಾಯುತ್ತಿತ್ತು. ಕೊನೆಯ ಮಿಷನ್ನು ಹೇರಬೇಕೆಂದು ಸೂಪರ್‌ವೈಸರ್ "ಚಲಾ, ಲವಕರ್" ಎಂದು ಅವಸರ ಮಾಡುತ್ತಿದ್ದ. ನನ್ನ ಕೈಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಕಾರ್ಡು ಬಂದರೆ ಒಳಗೆ ಸಿಕ್ಕಿಸು, ಹಲಗೆ ಮುಚ್ಚು. ಎಂಟನೆಯ ಸ್ಕ್ರೂ ಸಿಗದೆ ಹಿತ್ತಾಳೆಯದೊಂದನ್ನು ಬಿಗಿದೆ. ರೈಲಿನಲ್ಲಿ ಓದೋಣವೆಂದು ಚೀಲಕ್ಕೆ ಕೈ ಹಾಕಿದರೆ ಬಂದದ್ದು ಆ ಮಿಷನ್ನಿನ ಕಾರ್ಡು. ಅವಳ ಅಧ್ಯಾಯ ಟೆಂಪೋ ಹತ್ತಿ ಹೋಗಿತ್ತು.

ಮರುದಿನ ನಿಜ ಹೇಳಬಹುದಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಓದಿದೇನು?" ಎಂದಳು.

"ಓದಿದೆ. ಚೆಂದ ಮುಗಿಸಿದ್ದಿ."

"ಅಷ್ಟನ?"

"ಮತ್ತೆಂತ?"

ಅವಳು ಅರ್ಧ ರೊಟ್ಟಿ ಉಳಿಸಿ ಡಬ್ಬಿ ಮುಚ್ಚಿದಳು. ಊರಿಗೆ ಹೋದವಳು ತಿರುಗಿ ಬರಲಿಲ್ಲ. ವಿಳಾಸ ಕೇಳಲು ಕಲ್ಯಾಣಕ್ಕೆ ಹೋದರೆ ಅಣ್ಣನೂ ಬಾಡಿಗೆಯ ಖೋಲಿ ಬಿಟ್ಟು ಹೋಗಿದ್ದ.

ಆಮೇಲೆ ಮೂರು ವರ್ಷ, ಎಲ್ಲಿ ಗೇಮ್ ಮಿಷನ್ನು ಕಂಡರೂ ಹಿಂದಕ್ಕೆ ಹೋಗಿ ಹಿತ್ತಾಳೆಯ ಸ್ಕ್ರೂ ಹುಡುಕುತ್ತಿದ್ದೆ. ವಿಡಿಯೋ ಗೇಮ್ ಪಾರ್ಲರಿನ ಗಂಡಸರು ನನ್ನನ್ನು ಹುಚ್ಚಿಯ ಹಾಗೆ ನೋಡುತ್ತಿದ್ದರು. ನೋಡಿಕೊಳ್ಳಲಿ. ಕೊಲೆಗಾತಿ ನಾನೇನಾ ಎಂದು ನನಗೆ ತಿಳಿಯಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅವಳ ಅಕ್ಷರ ನೋಡಬೇಕಿತ್ತು.

ಕೊನೆಗೆ ಅದು ಸಿಕ್ಕಿದ್ದು ಕಲ್ಯಾಣ ಸ್ಟೇಷನ್ನಿನ ಹತ್ತಿರ, ನಮ್ಮ ಕಡೆಯವರ ಹೋಟೆಲಿನ ಮೂಲೆಯಲ್ಲಿ.

"ಎಂತ ಹುಡುಕ್ತೀರಿ ಅಕ್ಕ?" ಎಂದರು ಹೋಟೆಲಿನವರು.

"ನನ್ನದೊಂದು ಕಾಗದ ಇದರ ಒಳಗೆ ಉಂಟು."

ಅವರು ನಗುತ್ತ ಸ್ಕ್ರೂಡ್ರೈವರ್ ತಂದುಕೊಟ್ಟರು. ನಾನು ಹಲಗೆ ಬಿಚ್ಚಿ, ಕಾರ್ಡು ತೆಗೆದು ಅಲ್ಲೇ ನಿಂತು ಓದಿದೆ.

ಕೊಲೆಗಾರ ಕಾರ್ಖಾನೆಯ ಮಾಲೀಕ. ಅವನು ನಾಯಕಿಯನ್ನು ಮಿಷನ್ನಿನ ಪೆಟ್ಟಿಗೆಯೊಳಗೆ ಕೂಡಿಹಾಕಿ ಟೆಂಪೋಗೆ ಹೇರಿಸುತ್ತಾನೆ. ಅವಳು ಒಳಗಿನಿಂದ ಹಲಗೆ ಬಡಿಯುತ್ತಾಳೆ. ಸ್ಕ್ರೂ ಬಿಗಿಯುವವಳಿಗೆ ಅದು ಕೇಳಿಸುತ್ತದೆ. ಎಂಟೂ ಸ್ಕ್ರೂ ಬಿಚ್ಚಿ, "ಊರಿಗೆ ಎಂತಕ್ಕೆ ಹೋಗ್ತಿ ಮಾರಾಯ್ತಿ, ನಮ್ಮನೆಗೆ ಬಾ" ಎಂದು ಡೊಂಬಿವಲಿಗೆ ಕರೆದುಕೊಂಡು ಹೋಗುತ್ತಾಳೆ. ನನ್ನ ಮಾತಿನ ಧಾಟಿಯನ್ನು ಹಾಗೇ ಬರೆದಿದ್ದಳು. ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು: "ಹಿಂಗ ಮುಗಿಸಲೇನು? ನೀ ಹೂಂ ಅಂದ್ರ ನಾ ಹೋಗಂಗಿಲ್ಲ."

"ಹೂಂ" ಎಂದೆ. ಚಹಾ ಬೇಕಾ ಎಂದು ಕೇಳಿದ್ದ ಹೋಟೆಲಿನವರು ಅದು ತಮಗೆಂದುಕೊಂಡು ಒಂದು ಕಪ್ ತಂದಿಟ್ಟರು.